ಮುಲ್ಕಿ ಪಾಸಾದವರು: ಒಂದು ಸರ್ಟಿಫಿಕೇಟಿನ ಚರಿತ್ರೆ

ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ತನ್ನ ಜಿಲ್ಲೆಯ ಶಾಲೆಗಳ ಲೆಕ್ಕವನ್ನು ಮದರಾಸಿಗೆ ಕಳಿಸಿದ. ಗವರ್ನರ್ ಥಾಮಸ್ ಮನ್ರೋ ಹಿಂದಿನ ವರ್ಷವೇ ಎಲ್ಲ ಜಿಲ್ಲೆಗಳಿಂದ ಇಂಥ ವರದಿ ಕೇಳಿದ್ದ. ಬಳ್ಳಾರಿಯಲ್ಲಿ ಲೆಕ್ಕಕ್ಕೆ ಸಿಕ್ಕ ಶಾಲೆಗಳು 533. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಉಳಿದವು ಮರಾಠಿ, ಪಾರಸಿ, ಸಂಸ್ಕೃತ, ತಮಿಳು ಶಾಲೆಗಳು. ಇಂಗ್ಲಿಷ್ ಶಾಲೆ ಒಂದೇ ಒಂದು. ಕಲಿಯುತ್ತಿದ್ದ ಮಕ್ಕಳು 6,641, ಅವರಲ್ಲಿ ಹುಡುಗಿಯರು 60.

ಇವೇ ಕೂಲಿಮಠಗಳು. ಊರ ಗುಡಿಯ ಪಡಸಾಲೆಯಲ್ಲೋ ಯಾರದಾದರೂ ಮನೆಯ ಜಗಲಿಯ ಮೇಲೋ ಐಗಳು ಕೂತು ಪಾಠ ಹೇಳುತ್ತಿದ್ದರು. ಮಕ್ಕಳು ಮರಳ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ಆಮೇಲೆ ಕಪ್ಪು ಬಟ್ಟೆಯ ಕಡತದ ಮೇಲೆ ಬಳಪ ಹಿಡಿಯುತ್ತಿದ್ದರು. ಐಗಳಿಗೆ ಸಲ್ಲುತ್ತಿದ್ದುದು ಕಾಳುಕಡಿ, ಒಂದಿಷ್ಟು ಪುಡಿಗಾಸು. ಮಹಾನವಮಿಯಲ್ಲಿ ಮಕ್ಕಳು ಚೌಪದಿ ಹಾಡುತ್ತ ಮನೆಮನೆ ತಿರುಗಿ ತಂದ ಕಾಣಿಕೆಯೂ ಅವರಿಗೇ. ತಪ್ಪಿದವನಿಗೆ ಹಗ್ಗಕ್ಕೆ ಜೋತುಬೀಳಿಸುವ ಕೋದಂಡದ ಶಿಕ್ಷೆ. ಮೇಲಿನ ಹುಡುಗರು ಕೆಳಗಿನವರಿಗೆ ಕಲಿಸುವ ಇಲ್ಲಿಯ ಪದ್ಧತಿಯನ್ನು ಕ್ಯಾಂಪ್‌ಬೆಲ್ ಮನಸಾರೆ ಮೆಚ್ಚಿದ. ಆದರೆ ಮಕ್ಕಳು ಪದ್ಯಗಳನ್ನು ಅರ್ಥ ತಿಳಿಯದೆ ಉರುಹಾಕುತ್ತಾರೆ, ಕಲಿಸುವವರಿಗೂ ಅರ್ಥ ತಿಳಿದಿಲ್ಲ ಎಂದೂ ಬರೆದ. ಜನ ಬಡವಾದಂತೆ ಶಾಲೆಗಳು ಕ್ಷೀಣಿಸುತ್ತಿವೆ ಎಂದು ಕಳವಳಪಟ್ಟ. ಓದಿನ ಮಟ್ಟ ಇಳಿಯಿತು ಎಂಬ ದೂರಿಗೆ ಕನ್ನಡ ನಾಡಿನಲ್ಲಿ ಇನ್ನೂರು ವರ್ಷಗಳಾದರೂ ವಯಸ್ಸಾಗಿದೆ.

ಕೂಲಿಮಠದಿಂದ ಹೊರಬಿದ್ದ ಹುಡುಗನ ಕೈಯಲ್ಲಿ ಯಾವ ಕಾಗದವೂ ಇರುತ್ತಿರಲಿಲ್ಲ. ಅಂಗಡಿಯ ಲೆಕ್ಕ ಬರೆಯಬಲ್ಲನೇ, ಸಾಲಪತ್ರ ಓದಿ ಹೇಳಬಲ್ಲನೇ ಎಂಬುದನ್ನು ಸಾಹುಕಾರನೋ ಶಾನುಭೋಗನೋ ಕೂರಿಸಿ ನೋಡುತ್ತಿದ್ದ. ವಿದ್ಯೆಗೆ ಸಾಕ್ಷಿ ಮಾಡುವ ಕೆಲಸವೇ ಆಗಿತ್ತು. ಇದನ್ನು ಹೇಳುವಾಗ ಇನ್ನೊಂದು ಮಾತನ್ನೂ ಮರೆಯಬಾರದು: ಶಾನುಭೋಗನ, ಕುಲಕರ್ಣಿಯ ಕೆಲಸ ವಂಶಪಾರಂಪರ್ಯದ ವತನ. ಎಷ್ಟೇ ಚೆನ್ನಾಗಿ ಬರೆದರೂ ಬೇರೆ ಮನೆಯ ಹುಡುಗ ಆ ಗಾದಿಯ ಮೇಲೆ ಕೂರುವಂತಿರಲಿಲ್ಲ.

ಕಾಗದಕ್ಕೆ ಬೆಲೆ ಕಟ್ಟಿದ್ದು ಕಂಪನಿ ಸರಕಾರ. 1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್ ಇಂಗ್ಲಿಷ್ ಕಲಿತವರಿಗೆ ಸರಕಾರಿ ನೌಕರಿಯಲ್ಲಿ ಆದ್ಯತೆ ಎಂದು ಠರಾವು ಮಾಡಿದ. 1854ರಲ್ಲಿ ವುಡ್‌ನ ಶಿಕ್ಷಣ ಆದೇಶ ಬಂತು. 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳಾದವು. ಅಲ್ಲಿಂದಾಚೆ ಓದಿನ ಪ್ರತಿ ಮೆಟ್ಟಿಲಿಗೂ ಒಂದು ಪರೀಕ್ಷೆ, ಪ್ರತಿ ಪರೀಕ್ಷೆಗೂ ಒಂದು ದರ್ಜೆಯ ನೌಕರಿ ಗಂಟುಬಿತ್ತು. ಮ್ಯಾಟ್ರಿಕ್ ಕಚೇರಿಯ ಮೇಜಿಗೆ, ಬಿ.ಎ. ಅದಕ್ಕೂ ಮೇಲಕ್ಕೆ. ಹಳ್ಳಿಯ ಮಟ್ಟದಲ್ಲಿ, ದೇಶಭಾಷೆಯಲ್ಲಿ ಓದಿದವರಿಗಾಗಿ ಮುಂಬಯಿ ಪ್ರಾಂತದಲ್ಲಿ ಹುಟ್ಟಿದ್ದು ಮುಲ್ಕಿ ಪರೀಕ್ಷೆ.

ಮುಲ್ಕ್ ಎಂದರೆ ನಾಡು; ಮುಲ್ಕಿ ಎಂದರೆ ನಾಡಿನ ಆಡಳಿತಕ್ಕೆ, ಅದರಲ್ಲೂ ಕಂದಾಯಕ್ಕೆ ಸೇರಿದ್ದು. ಸರಕಾರಿ ಕಾಗದಗಳಲ್ಲಿ ಮುಂದೆ ಇದಕ್ಕೆ ವರ್ನಾಕ್ಯುಲರ್ ಫೈನಲ್ ಎಂಬ ಹೆಸರು ನಿಂತರೂ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳ ಜನರ ಬಾಯಲ್ಲಿ ಅದು ಮುಲ್ಕಿಯಾಗಿಯೇ ಉಳಿಯಿತು. ಅತ್ತ ನಿಜಾಮನ ಸೀಮೆಯ ಕಲಬುರ್ಗಿ, ರಾಯಚೂರು, ಬೀದರಗಳಲ್ಲಿ ಇದೇ ಪದಕ್ಕೆ ಬೇರೆ ಅರ್ಥ: ಅಲ್ಲಿ ಮುಲ್ಕಿ ಎಂದರೆ ಆ ಸಂಸ್ಥಾನದ ಸ್ವಂತ ನಿವಾಸಿ. ಹೊರಗಿನವರಿಗೆ ನೌಕರಿ ಕೊಡುವುದರ ವಿರುದ್ಧ 1952ರಲ್ಲಿ ಹೈದರಾಬಾದಿನಲ್ಲಿ ದೊಡ್ಡ ಚಳವಳಿಯೇ ನಡೆಯಿತು. ಎರಡು ಸೀಮೆಗಳಲ್ಲೂ ಈ ಪದ ಸರಕಾರಿ ನೌಕರಿಯ ಬಾಗಿಲಿಗೇ ಅಂಟಿಕೊಂಡಿತ್ತು.

ಮುಲ್ಕಿಗೆ ಕೂರುವವನು ಒಂದನೆಯ ತರಗತಿಗೂ ಮೊದಲಿನ ಬಿನ್ನೆತ್ತೆಯಿಂದ ಏಳನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಓದಿರಬೇಕು. ಗದ್ಯ ಪದ್ಯಗಳ ಓದು, ವ್ಯಾಕರಣ, ಶುದ್ಧಲೇಖನ, ದುಂಡಗಿನ ಕೈಬರಹ, ಚರಿತ್ರೆ, ಭೂಗೋಳ, ಎಲ್ಲಕ್ಕಿಂತ ಮಿಗಿಲಾಗಿ ಲೆಕ್ಕ. ಮೂವತ್ತರವರೆಗಿನ ಮಗ್ಗಿ ಒಪ್ಪಿಸಿದರೆ ಸಾಲದು. ಪಾವಕಿ, ನಿಮಕಿ, ಪೌಣಕಿ, ಸವಾಯಿ, ದೀಡಕಿ, ಅಂದರೆ ಕಾಲು, ಅರ್ಧ, ಮುಕ್ಕಾಲು, ಒಂದೂಕಾಲು, ಒಂದೂವರೆಯ ಮಗ್ಗಿಗಳೂ ಬಾಯಿಗೆ ಬರಬೇಕು.

ಈ ಭಿನ್ನರಾಶಿಯ ಮಗ್ಗಿಗಳು ಬರಿಯ ಕಸರತ್ತಾಗಿರಲಿಲ್ಲ. ಹದಿನಾರು ಆಣೆಗೆ ಒಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ಹಣದಲ್ಲಿ ಹನ್ನೆರಡು ಪೈಗೆ ಒಂದು ಆಣೆ, ಹದಿನಾರು ಆಣೆಗೆ ಒಂದು ರೂಪಾಯಿ. ರೈತನೊಬ್ಬನ ಹೊಲ ಮೂರು ಎಕರೆ ಇಪ್ಪತ್ತು ಗುಂಟೆ, ಎಕರೆಗೆ ಒಂದು ರೂಪಾಯಿ ನಾಲ್ಕಾಣೆಯಂತೆ ಕಂದಾಯ ಎಂದಿಟ್ಟುಕೊಂಡರೆ, ಸವಾಯಿ ಮಗ್ಗಿ ಬಲ್ಲ ಹುಡುಗ ಪಾಟಿ ಮುಟ್ಟುತ್ತಿರಲಿಲ್ಲ. ಸವಾ ಮೂರಲಿ ಮೂರು ಮುಕ್ಕಾಲು, ಅಂದರೆ ಮೂರು ರೂಪಾಯಿ ಹನ್ನೆರಡಾಣೆ; ಉಳಿದ ಅರ್ಧ ಎಕರೆಗೆ ಹತ್ತಾಣೆ; ಒಟ್ಟು ನಾಲ್ಕು ರೂಪಾಯಿ ಆರಾಣೆ. ಹೊಲಗಳ ಉತಾರ ಬರೆಯುವ ಹಳ್ಳಿಯ ಲೆಕ್ಕಿಗ ತಲಾಠಿಗೆ ದಿನವೂ ಬೇಕಾದ ವಿದ್ಯೆ ಇದು. ಪರೀಕ್ಷೆಯಲ್ಲಿ ಕೇಳುತ್ತಿದ್ದುದಕ್ಕೂ ಕೆಲಸದಲ್ಲಿ ಬೇಕಾಗುತ್ತಿದ್ದುದಕ್ಕೂ ಅಂತರ ಬಹಳ ಕಡಿಮೆಯಿತ್ತು. ಮುಲ್ಕಿಯ ಹಾಳೆಗಿದ್ದ ಮರ್ಯಾದೆಯ ಗುಟ್ಟು ಅರ್ಧ ಇಲ್ಲಿದೆ.

ಇನ್ನರ್ಧ ಗುಟ್ಟು, ಪಾಸಾಗುವವರು ಬೆರಳೆಣಿಕೆಯಷ್ಟು ಜನ ಎಂಬುದರಲ್ಲಿ. ಮುಲ್ಕಿ ಪಾಸಾದವನಿಗೆ ಶಾಲೆಯ ಮಾಸ್ತರಿಕೆಯೋ ಕಂದಾಯ ಇಲಾಖೆಯ ಸಣ್ಣ ನೌಕರಿಯೋ ಸಿಗುತ್ತಿತ್ತು. ಮಾಸ್ತರಿಕೆಗೆ ಹೋದವರಲ್ಲಿ ಜಾಣರು ಧಾರವಾಡದ ಟ್ರೇನಿಂಗ್ ಕಾಲೇಜು ಸೇರುತ್ತಿದ್ದರು. ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳನ್ನು ಕಟ್ಟಿ ಬೆಳೆಸಿದ ಊರು ಅದು. ಶಾಲೆಗೆ ಆಗಿನ್ನೂ ಮಠ ಎಂಬುದೇ ಬಳಕೆಯ ಹೆಸರಾದ್ದರಿಂದ, 1860ರ ದಶಕದಲ್ಲಿ ಮಾಸ್ತರರಿಗಾಗಿ ಹೊರಟ ಪತ್ರಿಕೆಗೂ ಮಠಪತ್ರಿಕೆ ಎಂದೇ ಹೆಸರಾಯಿತು.

ಆ ಮಾಸ್ತರರ ಸಂಬಳ ಕಡಿಮೆ, ವರ್ಗಾವಣೆ ಹೆಚ್ಚು. ಆದರೂ ಅವರಿಂದ ಕನ್ನಡಕ್ಕೆ ಆದದ್ದು ಅಷ್ಟಿಷ್ಟಲ್ಲ. ಹಳ್ಳಿಯಿಂದ ಹಳ್ಳಿಗೆ ಎತ್ತಂಗಡಿಯಾದ ಮಾಸ್ತರನ ಸಂಗಡ ಪುಸ್ತಕವೂ ನಾಟಕವೂ ಹೋದವು. ಶಾಂತಕವಿಗಳೆಂದು ಹೆಸರಾದ ಸಕ್ಕರಿ ಬಾಳಾಚಾರ್ಯರು ಕನ್ನಡ ಶಾಲೆಯ ಮಾಸ್ತರರಾಗಿದ್ದುಕೊಂಡೇ ಮರಾಠಿ ರಂಗಭೂಮಿ ಮೆರೆಯುತ್ತಿದ್ದ ಸೀಮೆಯಲ್ಲಿ ಕನ್ನಡ ನಾಟಕ ಬರೆದು ಆಡಿಸಿದರು. ಗಳಗನಾಥ ಎಂಬ ಹೆಸರಿನಲ್ಲಿ ಬರೆದ ವೆಂಕಟೇಶ ತಿರಕೊ ಕುಲಕರ್ಣಿಯವರು ಓದಿದ್ದು ಮುಲ್ಕಿ ಮತ್ತು ಟ್ರೇನಿಂಗ್. ಅಷ್ಟು ಓದಿನ ಬಲದ ಮೇಲೆ ಅವರು ಕಾದಂಬರಿಗಳನ್ನು ಬರೆದರು, ಸದ್ಬೋಧ ಚಂದ್ರಿಕೆ ಪತ್ರಿಕೆ ನಡೆಸಿದರು, ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡದಲ್ಲಿ ಓದುವ ಚಟ ಹತ್ತಿಸಿದವರು ಎಂದು ಅವರನ್ನು ಇಂದಿಗೂ ನೆನೆಯುತ್ತಾರೆ. ಏಳನೆಯ ಇಯತ್ತೆಯ ಓದು ಇಷ್ಟನ್ನು ಹೊರಬಲ್ಲುದಾಗಿತ್ತು.

ಹಾಗೆಂದು ಆ ಕಾಲವನ್ನು ಚಿನ್ನದ ಕಾಲ ಎನ್ನುವುದು ಅನ್ಯಾಯ. 1901ರ ಹೊತ್ತಿಗೂ ದೇಶದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಐದಾರು ಮಂದಿ. ಮುಲ್ಕಿಯ ಬಾಗಿಲವರೆಗೆ ಬಂದವರು ಹೆಚ್ಚಾಗಿ ಮೊದಲೇ ಅಕ್ಷರದ ಒಡನಾಟವಿದ್ದ ಮನೆಗಳ ಗಂಡುಮಕ್ಕಳು. ಒಕ್ಕಲಿನವರ ಮಗ ಹೊಲಕ್ಕೆ ಹೋಗಬೇಕು, ಹೆಣ್ಣುಮಗಳು ಮನೆಯಲ್ಲಿರಬೇಕು, ಅಸ್ಪೃಶ್ಯರೆನಿಸಿಕೊಂಡವರ ಮಗು ಶಾಲೆಯ ಹೊರಗೆ ಕೂರಬೇಕು. ಆಯ್ಕೆ ಅಷ್ಟು ಬಿಗಿಯಾಗಿದ್ದಾಗ ಜರಡಿಯ ಮೇಲುಳಿದ ಕಾಳು ದಪ್ಪವಾಗಿ ಕಂಡದ್ದು ಸಹಜ. ಹೊರಗುಳಿದವರ ನಷ್ಟವನ್ನು ಯಾವ ಪರೀಕ್ಷೆಯೂ ಎಣಿಸಲಿಲ್ಲ.

ಆದರೂ ಅದೇ ಹಾಳೆಯಲ್ಲಿ ಹುಟ್ಟಿಗೆ ಎದುರು ನಿಲ್ಲುವ ಶಕ್ತಿಯೂ ಇತ್ತು. ಕುಲಕರ್ಣಿಕೆ ತಂದೆಯಿಂದ ಮಗನಿಗೆ ಬರುತ್ತದೆ. ಮುಲ್ಕಿ ಹಾಗೆ ಬರುವುದಿಲ್ಲ. ಇದನ್ನು ಅರಿತ ಸಮುದಾಯಗಳು ಓದಿನ ಹಿಂದೆ ಬಿದ್ದವು. ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಸೇರಿ 1916ರಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಕಟ್ಟಿದ್ದು ಇದೇ ಹುರುಪಿನಲ್ಲಿ. ಮೈಸೂರು ಸಂಸ್ಥಾನದಲ್ಲಿ ಲೋವರ್ ಸೆಕೆಂಡರಿ, ಅಂದರೆ ಜನರ ಬಾಯಲ್ಲಿನ ಎಲ್.ಎಸ್., ಮುಲ್ಕಿಯಂಥದೇ ಮೆಟ್ಟಿಲಾಗಿತ್ತು. ಅಲ್ಲಿ ಮೇಲಿನ ಹುದ್ದೆಗಳೆಲ್ಲ ಒಂದೇ ಸಮುದಾಯದ ಪದವೀಧರರ ಪಾಲಾಗುತ್ತಿವೆ ಎಂಬ ಅಹವಾಲಿನ ಮೇಲೆ 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಪದವಿಯನ್ನೇ ಅರ್ಹತೆ ಎನ್ನಬಹುದೇ, ಪದವಿಯ ದಾರಿಯೇ ಕೆಲವರಿಗೆ ಮುಚ್ಚಿದ್ದರೆ ಏನು ಮಾಡಬೇಕು ಎಂಬ ಪ್ರಶ್ನೆ ಈ ನಾಡಿನಲ್ಲಿ ನೂರು ವರ್ಷದ ಹಿಂದೆಯೇ ಎದ್ದಿತ್ತು.

ಸ್ವಾತಂತ್ರ್ಯದ ನಂತರ ವತನಗಳು ಹೋದವು. ಮುಂಬಯಿ ಪ್ರಾಂತದ ಕುಲಕರ್ಣಿ ವತನ ರದ್ದಾದದ್ದು 1950ರ ಕಾಯಿದೆಯಿಂದ. ಏಕೀಕೃತ ರಾಜ್ಯದಲ್ಲಿ 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆ ಶಾನುಭೋಗ, ಪಟೇಲರ ವಂಶದ ಹಕ್ಕನ್ನು ಮುಗಿಸಿತು. ಹಳ್ಳಿಯ ದಫ್ತರ ಮೊದಲ ಬಾರಿಗೆ ಯಾರ ಮಗನ ಕೈಗಾದರೂ ಸಿಗುವಂತಾಯಿತು, ಕೈಯಲ್ಲಿ ಸರ್ಟಿಫಿಕೇಟ್ ಇದ್ದರೆ. ಸರ್ಟಿಫಿಕೇಟಿನ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ದಿನ ಇನ್ನೊಂದಿಲ್ಲ.

ಮುಲ್ಕಿ ಇಳಿಮುಖವಾದದ್ದೂ ಅದೇ ಕಾಲದಲ್ಲಿ. ಶಾಲೆಗಳು ಹೆಚ್ಚಿದವು, ಹೈಸ್ಕೂಲು ಹೋಬಳಿಗೂ ಬಂತು, ಏಳನೆಯ ತರಗತಿ ಮುಗಿಸಿದವರು ಎಲ್ಲೆಡೆ ಕಾಣತೊಡಗಿದರು. ಆಗ ಎಸ್ಸೆಸ್ಸೆಲ್ಸಿ ಆ ಜಾಗಕ್ಕೆ ಬಂತು. ಅದನ್ನು ನಡೆಸಲು 1966ರಲ್ಲಿ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ಹುಟ್ಟಿತು. ಪ್ರಾಥಮಿಕ ಶಾಲೆಯ ಮಾಸ್ತರಿಕೆಯನ್ನೇ ನೋಡಿದರೆ ಮುಂದಿನ ಕಥೆಯೆಲ್ಲ ಸಿಗುತ್ತದೆ. ಮುಲ್ಕಿ ಸಾಕಾಗಿದ್ದ ಕೆಲಸಕ್ಕೆ ಎಸ್ಸೆಸ್ಸೆಲ್ಸಿ ಮತ್ತು ಟಿ.ಸಿ.ಎಚ್. ಬೇಕಾಯಿತು, ಆಮೇಲೆ ಪಿಯುಸಿ ಮತ್ತು ಡಿ.ಎಡ್.; ಅದರ ಮೇಲೆ ಟಿ.ಇ.ಟಿ. ಕಲಿಸಬೇಕಾದ ಅ ಆ ಇ ಈ ಬದಲಾಗಲಿಲ್ಲ. ಒಂದು ಹಾಳೆ ಎಲ್ಲರಿಗೂ ಸಿಕ್ಕ ಕೂಡಲೇ ಆಯ್ಕೆ ಮಾಡುವವರು ಮೇಲಿನ ಹಾಳೆ ಕೇಳುತ್ತಾರೆ. ಆ ಹಾಳೆಗಾಗಿ ಎಲ್ಲರೂ ಓಡುತ್ತಾರೆ. ಕೆಳಗಿನದು ಬರಿಯ ಪ್ರವೇಶದ ಚೀಟಿಯಾಗಿ ಉಳಿಯುತ್ತದೆ. ಕಲಿಕೆ ಇಳಿಯದಿದ್ದರೂ ಸರ್ಟಿಫಿಕೇಟಿನ ಬೆಲೆ ಇಳಿಯುವುದು ಹೀಗೆ.

ಕಲಿಕೆಯೂ ಇಳಿದಿದೆ ಎಂಬುದಕ್ಕೆ ಪುರಾವೆ ಬೇರೆ ಇದೆ. ಗ್ರಾಮೀಣ ಮಕ್ಕಳ ಓದನ್ನು ಮನೆಗೇ ಹೋಗಿ ಪರೀಕ್ಷಿಸುವ ಅಸರ್ ಸಮೀಕ್ಷೆಯಲ್ಲಿ, ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ದೇಶದಲ್ಲಿ ಶೇ. 50.5 ಇದ್ದರು; ಕೊರೋನಾದಿಂದ ಶಾಲೆಗಳು ಬಾಗಿಲು ಮುಚ್ಚಿದ ವರ್ಷಗಳ ನಂತರ 2022ರಲ್ಲಿ ಅದು ಶೇ. 42.8ಕ್ಕೆ ಬಂತು. ಓದಲು ಬಾರದ ಮಗು ಮೇಲಿನ ತರಗತಿಗಳಲ್ಲಿ ಸುಮ್ಮನೆ ಕೂತು ಎಸ್ಸೆಸ್ಸೆಲ್ಸಿಗೆ ಬರುತ್ತದೆ. ಅಲ್ಲಿ ಅದಕ್ಕಾಗಿ ಕಾದಿರುವುದು ಪಾಸಿಂಗ್ ಪ್ಯಾಕೇಜ್: ಖಂಡಿತ ಬರುವ ಒಂದಷ್ಟು ಪ್ರಶ್ನೆ, ಉರುಹೊಡೆಯಲು ಅವುಗಳ ಉತ್ತರ. ಕ್ಯಾಂಪ್‌ಬೆಲ್ ಕೂಲಿಮಠದಲ್ಲಿ ಕಂಡ ಅರ್ಥವಿಲ್ಲದ ಕಂಠಪಾಠವೇ ಇದು.

ಪರೀಕ್ಷೆಯ ಮೇಲಿನ ನಂಬಿಕೆಯೂ ಸವೆಯಿತು. 2016ರ ಮಾರ್ಚ್‌ನಲ್ಲಿ ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಸೋರಿಕೆಯಾಗಿ, ಮರುಪರೀಕ್ಷೆಯ ಪತ್ರಿಕೆಯೂ ಸೋರಿ, ಅದೂ ರದ್ದಾಗಿ, ಮೂರನೆಯ ಬಾರಿ ದಿನ ಗೊತ್ತುಮಾಡಿ ಏಪ್ರಿಲ್‌ನಲ್ಲಿ ಪರೀಕ್ಷೆ ನಡೆಸಬೇಕಾಯಿತು. ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ. 83.89 ಇತ್ತು. ಮರುವರ್ಷ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮೂಲಕ ನಿಗಾ ವಹಿಸಿದರು, ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೂ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಪಾಸಾಗಲು ಬೇಕಾದ ಅಂಕವನ್ನು 35ರಿಂದ 33ಕ್ಕೆ ಇಳಿಸುವ ತೀರ್ಮಾನ 2025ರಲ್ಲಿ ಹೊರಬಿತ್ತು. ತಪ್ಪು ಮಕ್ಕಳದಲ್ಲ. ಐದನೆಯ ತರಗತಿಯಲ್ಲಿ ಕೂರಿಸಿ ಓದಿಸದ ಸಾಲವನ್ನು ಹತ್ತನೆಯ ತರಗತಿಯಲ್ಲಿ ಕೃಪಾಂಕದಿಂದ ತೀರಿಸಲಾಗದು.

ತಲಾಠಿಯ ಕೆಲಸ ಈಗ ಗ್ರಾಮ ಆಡಳಿತಾಧಿಕಾರಿಯದು. ಅದಕ್ಕೆ ಬೇಕಾದ ಅರ್ಹತೆ ಪಿಯುಸಿ. ಅರ್ಜಿ ಹಾಕುವವರಲ್ಲಿ ಪದವೀಧರರೂ ಎಂಜಿನಿಯರುಗಳೂ ಇರುತ್ತಾರೆ. 2024ರಲ್ಲಿ ಈ ಹುದ್ದೆಯ 1000 ಜಾಗಗಳಿಗೆ ನೇಮಕಾತಿ ಪರೀಕ್ಷೆ ನಡೆದಾಗ, ಸ್ಪರ್ಧಾತ್ಮಕ ಪತ್ರಿಕೆಗಳಿಗೆ ಮೊದಲು 150 ಅಂಕಗಳ ಕಡ್ಡಾಯ ಕನ್ನಡ ಪರೀಕ್ಷೆಯೊಂದನ್ನು ಅಭ್ಯರ್ಥಿಗಳು ದಾಟಬೇಕಾಗಿತ್ತು. ಅದರ ಮಟ್ಟ ಎಸ್ಸೆಸ್ಸೆಲ್ಸಿಯದು, ದಾಟಲು ಬೇಕಾದ ಅಂಕ 50.