ಬೆವರು ನಿಜ, ಆಟ ಸುಳ್ಳು

1956ರ ಡಿಸೆಂಬರ್ 5ರ ರಾತ್ರಿ. ನ್ಯೂಯಾರ್ಕಿನ ಎನ್‌ಬಿಸಿ ಸ್ಟುಡಿಯೊದಲ್ಲಿ ಗಾಜಿನ ಗೂಡೊಂದರಲ್ಲಿ ನಿಂತಿದ್ದ ಹರ್ಬರ್ಟ್ ಸ್ಟೆಂಪೆಲ್ ಎಂಬ ವ್ಯಕ್ತಿಗೆ ಒಂದು ಪ್ರಶ್ನೆ ಎದುರಾಯಿತು. 1955ರ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪ್ರಶಸ್ತಿ ಪಡೆದ ಸಿನಿಮಾ ಯಾವುದು? ಉತ್ತರ ‘ಮಾರ್ಟಿ’. ಸ್ಟೆಂಪೆಲ್‌ಗೆ ಅದು ಗೊತ್ತಿತ್ತು. ಗೊತ್ತಿದ್ದುದಷ್ಟೇ ಅಲ್ಲ, ಅದು ಆತನ ಮೆಚ್ಚಿನ ಚಿತ್ರ. ಮೂರು ಸಲ ನೋಡಿದ್ದ. ಆದರೂ ಹಣೆಯ ಬೆವರು ಒತ್ತಿಕೊಳ್ಳುತ್ತ, ತಡವರಿಸುತ್ತ, ಅದರ ಹಿಂದಿನ ವರ್ಷ ಪ್ರಶಸ್ತಿ ಪಡೆದಿದ್ದ ‘ಆನ್ ದಿ ವಾಟರ್‌ಫ್ರಂಟ್’ ಹೆಸರು ಹೇಳಿದ. ದೇಶವೆಲ್ಲ ನೋಡುತ್ತಿದ್ದಂತೆ ಆತ ಸೋತ. ಹಾಗೆ ಸೋಲಬೇಕೆಂದು ಆತನಿಗೆ ಮೊದಲೇ ಅಪ್ಪಣೆಯಾಗಿತ್ತು!

ಟೀವಿಯ ರಿಯಾಲಿಟಿ ಷೋಗಳಲ್ಲಿ ನಡೆಯುವುದು ನಿಜವೋ, ಮೊದಲೇ ಬರೆದಿಟ್ಟ ನಾಟಕವೋ ಎಂಬ ಚರ್ಚೆ ಇಂದು ಊಟದ ಹೊತ್ತಿಗೆ ಮನೆಮನೆಯಲ್ಲೂ ನಡೆಯುತ್ತದೆ. ‘ರಿಯಾಲಿಟಿ ಷೋ’ ಎಂಬ ಹೆಸರು ಹುಟ್ಟುವ ಎಷ್ಟೋ ಮೊದಲೇ ಈ ಪ್ರಶ್ನೆ ಅಮೆರಿಕದ ಸಂಸತ್ತಿನವರೆಗೂ ಹೋಗಿತ್ತು. ಅಲ್ಲಿ ಸಿಕ್ಕ ಉತ್ತರ ‘ನಿಜ’ ಅಥವಾ ‘ಸುಳ್ಳು’ ಎಂಬಷ್ಟು ಸರಳವಾಗಿರಲಿಲ್ಲ.

1950ರಲ್ಲಿ ಅಮೆರಿಕದ ನೂರು ಮನೆಗಳಲ್ಲಿ ಸುಮಾರು 9ರಲ್ಲಿ ಮಾತ್ರ ಟೀವಿ ಇತ್ತು. 1959ರ ಹೊತ್ತಿಗೆ ಆ ಸಂಖ್ಯೆ 86ರ ಸಮೀಪಕ್ಕೆ ಏರಿತ್ತು. ಬಹುಮಾನ ಹಂಚುವ ರಸಪ್ರಶ್ನೆ ಕಾರ್ಯಕ್ರಮಗಳು ಜೂಜಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1954ರಲ್ಲಿ ತೀರ್ಪು ನೀಡಿದ್ದೇ ತಡ, ವಾಹಿನಿಗಳು ಹಣದ ಥೈಲಿ ಬಿಚ್ಚಿದವು. 1955ರ ಜೂನ್‌ನಲ್ಲಿ ಸಿಬಿಎಸ್ ವಾಹಿನಿ ‘64,000 ಡಾಲರ್ ಪ್ರಶ್ನೆ’ ಆರಂಭಿಸಿತು. ಪ್ರಾಯೋಜಕರು ಸೌಂದರ್ಯ ಸಾಧನಗಳ ರೆವ್ಲಾನ್ ಕಂಪೆನಿ. ಚಮ್ಮಾರ, ಅಜ್ಜಿ, ಸೈನಿಕ ಎಂಬಂಥ ಸಾಮಾನ್ಯರು ಬಂದು ಅಸಾಮಾನ್ಯ ಜ್ಞಾನ ಮೆರೆಯುವುದನ್ನು ಜನ ಬಾಯಿ ಬಿಟ್ಟುಕೊಂಡು ನೋಡಿದರು. ಯಾವ ಸ್ಪರ್ಧಿ ಉಳಿಯಬೇಕು, ಯಾರು ಹೋಗಬೇಕು ಎಂಬುದು ಪ್ರಾಯೋಜಕರ ವಾರದ ಸಭೆಗಳಲ್ಲಿ ಚರ್ಚೆಯಾಗುತ್ತಿತ್ತು ಎಂಬುದು ಆಮೇಲೆ ತನಿಖೆಯಲ್ಲಿ ಹೊರಬಂತು.

ಇದಕ್ಕೆ ಪೈಪೋಟಿಯಾಗಿ 1956ರ ಸೆಪ್ಟೆಂಬರ್‌ನಲ್ಲಿ ಎನ್‌ಬಿಸಿಯಲ್ಲಿ ಬಂದದ್ದು ‘ಟ್ವೆಂಟಿ ಒನ್’. ನಿರ್ಮಾಪಕರು ಜಾಕ್ ಬ್ಯಾರಿ ಮತ್ತು ಡ್ಯಾನ್ ಎನ್‌ರೈಟ್. ಇಬ್ಬರು ಸ್ಪರ್ಧಿಗಳು ಸದ್ದು ಒಳಹೋಗದ ಎರಡು ಗೂಡುಗಳಲ್ಲಿ ನಿಲ್ಲಬೇಕು. ಎದುರಾಳಿಯ ಅಂಕ ಇವರಿಗೆ ತಿಳಿಯದು. 1ರಿಂದ 11ರವರೆಗೆ ಎಷ್ಟು ಅಂಕದ ಪ್ರಶ್ನೆ ಬೇಕೆಂದು ತಾವೇ ಆರಿಸಿಕೊಂಡು 21 ಮುಟ್ಟಬೇಕು. ಗೆದ್ದವರಿಗೆ ಅಂತರದ ಪ್ರತಿ ಅಂಕಕ್ಕೂ 500 ಡಾಲರ್. ಆಟ ಸಮವಾದರೆ ಮುಂದಿನ ಸುತ್ತಿನಲ್ಲಿ ಅಂಕದ ಬೆಲೆ ಮತ್ತೆ 500 ಡಾಲರ್ ಏರುತ್ತಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ಕಾರ್ಯಕ್ರಮದ ಮೊದಲ ಕಂತು ಅಪ್ಪಟ ಪ್ರಾಮಾಣಿಕವಾಗಿತ್ತು. ಫಲಿತಾಂಶ ಮಾತ್ರ ನೀರಸ! ಸ್ಪರ್ಧಿಗಳು ಪ್ರಶ್ನೆಯ ಮೇಲೆ ಪ್ರಶ್ನೆ ತಪ್ಪುತ್ತ ಹೋದರು. ಟಾನಿಕ್ ಮಾರುವ ಪ್ರಾಯೋಜಕರು ಕೆಂಡವಾದರು. ಸತ್ಯ ಬೇಸರ ಹುಟ್ಟಿಸುತ್ತದೆ ಎಂದು ಅರಿತ ಎನ್‌ರೈಟ್ ಅಲ್ಲಿಂದ ಮುಂದೆ ಆಟವನ್ನು ತಾನೇ ಬರೆಯತೊಡಗಿದ. ಯಾರು ಎಷ್ಟು ಅಂಕದ ಪ್ರಶ್ನೆ ಆರಿಸಬೇಕು, ಯಾವುದನ್ನು ತಪ್ಪಬೇಕು ಎಂಬುದೆಲ್ಲ ಮೊದಲೇ ನಿಶ್ಚಯ.

ಸ್ಟೆಂಪೆಲ್ ನ್ಯೂಯಾರ್ಕಿನ ಕ್ವೀನ್ಸ್ ಪ್ರದೇಶದವ, ಮಾಜಿ ಸೈನಿಕ, ಸಿಟಿ ಕಾಲೇಜಿನ ವಿದ್ಯಾರ್ಥಿ. ನಿಜಕ್ಕೂ ಅಪಾರ ಜ್ಞಾಪಕಶಕ್ತಿಯವ. ಆದರೆ ಅದು ಸಾಲಲಿಲ್ಲ. ಬಡವನಾಗಿ ಕಾಣಲೆಂದು ಹಳೆಯ, ಅಳತೆ ಮೀರಿದ ಸೂಟು ತೊಡಿಸಿದರು. ಕೂದಲನ್ನು ಸಿಪಾಯಿಯಂತೆ ಕತ್ತರಿಸಿಕೊಳ್ಳಲು ಹೇಳಿದರು. ಮೈಕಿಗೆ ಕೇಳುವಂತೆ ಟಿಕ್ ಟಿಕ್ ಎನ್ನುವ ಅಗ್ಗದ ಗಡಿಯಾರ ಕಟ್ಟಿಸಿದರು. ಹಣೆಯನ್ನು ಒರೆಸಿಕೊಳ್ಳಬಾರದು, ಕರವಸ್ತ್ರದಿಂದ ಮೆಲ್ಲಗೆ ಒತ್ತಿಕೊಳ್ಳಬೇಕು ಎಂದು ಅಭ್ಯಾಸ ಮಾಡಿಸಿದರು. ಆ ಬೆವರು ಮಾತ್ರ ನಕಲಿಯಲ್ಲ. ಗಾಜಿನ ಗೂಡಿನ ಹವಾನಿಯಂತ್ರಣವನ್ನು ಆರಿಸಿ, ದೀಪಗಳ ಝಳದಲ್ಲಿ ಮನುಷ್ಯನನ್ನು ನಿಲ್ಲಿಸಿದರೆ ಯಾರಿಗಾದರೂ ಬೆವರು ಕಿತ್ತುಬರಲೇಬೇಕು. ಇಡೀ ಪ್ರಕರಣದ ಜೀವಾಳ ಇರುವುದು ಈ ಪುಟ್ಟ ವಿವರದಲ್ಲಿ. ವೀಕ್ಷಕರು ಕಂಡ ಬೆವರು ನಿಜ. ಅದರ ಕಾರಣವೆಂದು ಅವರು ನಂಬಿದ್ದು ಸುಳ್ಳು.

ಸ್ಟೆಂಪೆಲ್‌ನ ಆಕರ್ಷಣೆ ಇಳಿಯತೊಡಗಿತು. ಆಗ ಬಂದವನು ಚಾರ್ಲ್ಸ್ ವ್ಯಾನ್ ಡೋರೆನ್. ಕೊಲಂಬಿಯ ವಿಶ್ವವಿದ್ಯಾಲಯದ ಇಂಗ್ಲಿಷ್ ಅಧ್ಯಾಪಕ, ಸ್ಫುರದ್ರೂಪಿ. ತಂದೆ ಮಾರ್ಕ್ ಮತ್ತು ದೊಡ್ಡಪ್ಪ ಕಾರ್ಲ್ ಇಬ್ಬರೂ ಪುಲಿಟ್ಜರ್ ಪ್ರಶಸ್ತಿ ಪಡೆದ ಲೇಖಕರು. ಇಂಥವನು ಗೆದ್ದರೆ ಜನರಿಗೆ ಓದು, ವಿದ್ಯೆಯ ಮೇಲೆ ಗೌರವ ಹೆಚ್ಚುತ್ತದೆ ಎಂಬುದು ನಿರ್ಮಾಪಕರು ಆತನಿಗೆ ಕೊಟ್ಟ ಸಮಜಾಯಿಷಿ. ಆತ ಒಪ್ಪಿದ. 1957ರ ಮಾರ್ಚ್‌ವರೆಗೆ ಗೆಲ್ಲುತ್ತಲೇ ಹೋಗಿ 1,29,000 ಡಾಲರ್ ಸಂಪಾದಿಸಿದ. ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಮಿಂಚಿದ. ಎನ್‌ಬಿಸಿಯಲ್ಲಿ ಕೈತುಂಬ ಸಂಬಳದ ಕೆಲಸವೂ ಸಿಕ್ಕಿತು.

ಇತ್ತ ಸ್ಟೆಂಪೆಲ್‌ಗೆ ಕೊಟ್ಟ ಭರವಸೆಗಳು ಗಾಳಿಗೆ ಹೋದವು. ಆತ ಪತ್ರಿಕೆಗಳಿಗೆ ನಿಜ ಹೇಳಿದರೂ ಸಾಕ್ಷ್ಯವಿಲ್ಲದೆ, ಮಾನನಷ್ಟ ಮೊಕದ್ದಮೆಗೆ ಹೆದರಿ ಯಾರೂ ಅಚ್ಚು ಮಾಡಲಿಲ್ಲ. ಹೊಟ್ಟೆಕಿಚ್ಚಿನ ಮಾತು ಎಂದು ತಳ್ಳಿಹಾಕಲೂ ಅನುಕೂಲವಾಗಿತ್ತು. ಗುಟ್ಟು ರಟ್ಟಾದದ್ದು ಬೇರೆಡೆಯಿಂದ. 1958ರಲ್ಲಿ ‘ಡಾಟೊ’ ಎಂಬ ಇನ್ನೊಂದು ಕಾರ್ಯಕ್ರಮದಲ್ಲಿ ಸರದಿ ಕಾಯುತ್ತಿದ್ದ ಸ್ಪರ್ಧಿಯೊಬ್ಬನಿಗೆ, ಎದುರಿಗೆ ಗೆಲ್ಲುತ್ತಿದ್ದವರ ಟಿಪ್ಪಣಿ ಪುಸ್ತಕ ಸಿಕ್ಕಿತು. ಅದರಲ್ಲಿ ಉತ್ತರಗಳೆಲ್ಲ ಬರೆದಿದ್ದವು! ಆಗಸ್ಟ್‌ನಲ್ಲಿ ಆ ಕಾರ್ಯಕ್ರಮ ದಿಢೀರನೆ ನಿಂತಿತು. ಸ್ಟೆಂಪೆಲ್‌ನ ಮಾತಿಗೂ ಬೆಲೆ ಬಂತು. ‘ಟ್ವೆಂಟಿ ಒನ್’ನ ಮತ್ತೊಬ್ಬ ಸ್ಪರ್ಧಿ, ಕಲಾವಿದ ಜೇಮ್ಸ್ ಸ್ನಾಡ್‌ಗ್ರಾಸ್, ಇನ್ನೂ ಜಾಣ. ತನಗೆ ಹೇಳಿಕೊಟ್ಟ ಉತ್ತರಗಳನ್ನು ಕಾರ್ಯಕ್ರಮಕ್ಕೆ ಮೊದಲೇ ಬರೆದು, ತನ್ನದೇ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿಕೊಂಡು, ಲಕೋಟೆ ಒಡೆಯದೆ ಇಟ್ಟಿದ್ದ. ಎಲ್ಲಿ ತಡೆದು ಯೋಚಿಸುವವನಂತೆ ನಟಿಸಬೇಕು ಎಂಬುದೂ ಅದರಲ್ಲಿತ್ತು. ಅಂಚೆಯ ಮೊಹರಿಗಿಂತ ಬೇರೆ ಸಾಕ್ಷಿ ಬೇಕೆ?

ನ್ಯೂಯಾರ್ಕಿನ ಗ್ರಾಂಡ್ ಜ್ಯೂರಿ ಮುಂದೆ ಸುಮಾರು 150 ಮಂದಿ ಸಾಕ್ಷ್ಯ ನುಡಿದರು. ಅವರಲ್ಲಿ ನೂರರಷ್ಟು ಮಂದಿ ಸುಳ್ಳು ಹೇಳಿದ್ದರು ಎಂಬುದು ತನಿಖೆ ನಡೆಸಿದ ಸರ್ಕಾರಿ ವಕೀಲ ಜೋಸೆಫ್ ಸ್ಟೋನ್ ಅಂದಾಜು. ವ್ಯಾನ್ ಡೋರೆನ್ ಕೂಡ ಸುಳ್ಳನ್ನೇ ಹೇಳಿದ್ದ. ಕೊನೆಗೆ 1959ರ ನವೆಂಬರ್ 2ರಂದು ಸಂಸತ್ತಿನ ಉಪಸಮಿತಿಯ ಎದುರು ತಪ್ಪೊಪ್ಪಿಕೊಂಡ. ವಾಹಿನಿಯ ಕೆಲಸವೂ ಹೋಯಿತು, ವಿಶ್ವವಿದ್ಯಾಲಯದ ಹುದ್ದೆಯೂ ಹೋಯಿತು.

ವಿಚಿತ್ರವೆಂದರೆ, ಆಟವನ್ನು ಮೊದಲೇ ನಿಶ್ಚಯಿಸಿದ್ದಕ್ಕಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ. ಅದು ಅಪರಾಧವೆನ್ನುವ ಕಾನೂನೇ ಇರಲಿಲ್ಲ! ವ್ಯಾನ್ ಡೋರೆನ್ ಸೇರಿದಂತೆ ಹಲವರು 1962ರಲ್ಲಿ ತಪ್ಪಿತಸ್ಥರೆಂದು ಒಪ್ಪಿಕೊಂಡದ್ದು ಜ್ಯೂರಿಯ ಎದುರು ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ. ಆ ಶಿಕ್ಷೆಯೂ ಅಮಾನತಿನಲ್ಲಿ ಉಳಿಯಿತು. ಬ್ಯಾರಿ ಮತ್ತು ಎನ್‌ರೈಟ್ 1970ರ ದಶಕದಲ್ಲಿ ಮತ್ತೆ ಇದೇ ಉದ್ಯಮಕ್ಕೆ ಮರಳಿದರು ಎಂಬುದನ್ನೂ ಹೇಳಬೇಕು.

1960ರಲ್ಲಿ ಅಮೆರಿಕ ಕಾನೂನು ತಂದಿತು. ಜ್ಞಾನ, ಬೌದ್ಧಿಕ ಸಾಮರ್ಥ್ಯ ಅಥವಾ ಅದೃಷ್ಟದ ಸ್ಪರ್ಧೆಯ ಫಲಿತಾಂಶವನ್ನು ವೀಕ್ಷಕರನ್ನು ವಂಚಿಸುವ ಉದ್ದೇಶದಿಂದ ಮೊದಲೇ ನಿಶ್ಚಯಿಸಿದರೆ 10,000 ಡಾಲರ್‌ವರೆಗೆ ದಂಡ ಅಥವಾ ಒಂದು ವರ್ಷದವರೆಗೆ ಸೆರೆ, ಇಲ್ಲವೇ ಎರಡೂ. ಒಳ್ಳೆಯದೇ. ಆದರೆ ಕಾನೂನು ಕಾವಲಿಟ್ಟದ್ದು ಗೆಲುವು ಸೋಲಿಗೆ. ಗೂಡಿನ ಹವಾನಿಯಂತ್ರಣ ಆರಿಸಿ ಬೆವರು ಬರಿಸುವುದನ್ನು, ಹಳೆಯ ಸೂಟು ತೊಡಿಸುವುದನ್ನು ಅದು ತಡೆಯಲಿಲ್ಲ.

ಮುಂದೆ ಬಂದ ರಿಯಾಲಿಟಿ ಷೋಗಳು ಬೆಳೆದದ್ದು ಬಹುಮಟ್ಟಿಗೆ ಆ ಬಯಲಿನಲ್ಲೇ. 2000ದಲ್ಲಿ ಅಮೆರಿಕದಲ್ಲಿ ‘ಸರ್ವೈವರ್’ ಶುರುವಾಯಿತು. ಈಜು ಸ್ಪರ್ಧೆಯಂಥ ದೃಶ್ಯಗಳನ್ನು ಬದಲಿ ವ್ಯಕ್ತಿಗಳಿಂದ ಮತ್ತೆ ಮಾಡಿಸಿ ಚಿತ್ರೀಕರಿಸಿದ್ದುಂಟು ಎಂದು ಅದರ ನಿರ್ಮಾಪಕ ಮಾರ್ಕ್ ಬರ್ನೆಟ್ 2001ರಲ್ಲಿ ತಾನೇ ಹೇಳಿದ. ಫಲಿತಾಂಶ ಬದಲಾಗಿಲ್ಲ, ಚೆಂದ ಕಾಣಲೆಂದು ಮಾಡಿದೆವು ಎಂಬುದು ಆತನ ವಾದ. ಬ್ರಿಟನ್ನಿನಲ್ಲಿ ಎಣಿಸದೇ ಬಿಟ್ಟ ಫೋನ್ ಮತಗಳಿಗೂ ವೀಕ್ಷಕರಿಂದ ಹಣ ಕಿತ್ತದ್ದು ಸೇರಿದಂತೆ ಹಲವು ಲೋಪಗಳಿಗಾಗಿ 2008ರಲ್ಲಿ ಐಟಿವಿ ವಾಹಿನಿಗೆ 56 ಲಕ್ಷ ಪೌಂಡಿಗೂ ಮಿಕ್ಕಿ ದಂಡ ಬಿತ್ತು. ಅಲ್ಲಿ ಕೆಟ್ಟಿದ್ದು ಲೆಕ್ಕ. ಲೆಕ್ಕ ಕೆಟ್ಟರೆ ಹಿಡಿಯಬಹುದು.

ಕನ್ನಡಕ್ಕೆ ಈ ಎರಡೂ ಬಗೆಯ ಆಟಗಳು ಹೊರಗಿನಿಂದಲೇ ಬಂದವು. 2012ರಲ್ಲಿ ಪುನೀತ್ ರಾಜ್‌ಕುಮಾರ್ ನಡೆಸಿಕೊಟ್ಟ ‘ಕನ್ನಡದ ಕೋಟ್ಯಧಿಪತಿ’ ಬ್ರಿಟನ್ನಿನ ರಸಪ್ರಶ್ನೆಯೊಂದರ ಕನ್ನಡ ರೂಪ. 2013ರಲ್ಲಿ ಸುದೀಪ್ ನಿರೂಪಣೆಯಲ್ಲಿ ಆರಂಭವಾದ ‘ಬಿಗ್ ಬಾಸ್’, 1999ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ ‘ಬಿಗ್ ಬ್ರದರ್’ ಸಂತತಿ. ಯಕ್ಷಗಾನದ ಅಭಿಮನ್ಯು ಸಾಯುವುದು ನಿಶ್ಚಿತ ಎಂದು ಗೊತ್ತಿದ್ದೂ ನಮ್ಮ ಪ್ರೇಕ್ಷಕರು ಬೆಳಗಿನವರೆಗೆ ಕೂರುತ್ತಾರೆ, ಯಾರೂ ದೂರುವುದಿಲ್ಲ. ಗರಡಿಯ ಕುಸ್ತಿಯಲ್ಲಿ ಒಳಒಪ್ಪಂದದ ಅನುಮಾನ ಬಂದರೆ ಮಾತ್ರ ಕೂಗೆಬ್ಬಿಸುತ್ತಾರೆ. ‘ಬಿಗ್ ಬಾಸ್’ ಮನೆ ಇವೆರಡರ ನಡುವೆ ಎಲ್ಲೋ ನಿಂತಿದೆ. ಅಲ್ಲಿ ದಿನದ 24 ಗಂಟೆಯೂ ಕ್ಯಾಮೆರಾ ತೆರೆದಿರುತ್ತದೆ. ಸಂಜೆಯ ಕಂತಿನಲ್ಲಿ ಕಾಣಿಸುವುದು ಗಂಟೆಯೋ ಒಂದೂವರೆ ಗಂಟೆಯೋ. ಫೋನು, ಪತ್ರಿಕೆ ಯಾವುದೂ ಇಲ್ಲದೆ ವಾರಗಟ್ಟಲೆ ಕೂಡಿಹಾಕಿದವರ ಕಣ್ಣೀರು ನಕಲಿಯಾಗಿರಬೇಕಿಲ್ಲ. ಆದರೆ ಯಾರ ಕಣ್ಣೀರು ಯಾವ ಮಾತಿನ ನಂತರ ಬರಬೇಕು ಎಂಬುದನ್ನು ಸಂಕಲನದ ಮೇಜು ನಿರ್ಧರಿಸುತ್ತದೆ. ವೀಕ್ಷಕರು ಮತ ಹಾಕುವುದು ಅದನ್ನು ನೋಡಿಯೇ.