ಕಾಂಪೋಸ್ಟೆಬಲ್

ಮಂಗಳೂರಿನ ಕುಲಶೇಖರದ ಡೇರಿಯಿಂದ ಬರುವ ಹಾಲಿನ ಪಾಲಿಥೀನ್ ತೊಟ್ಟೆಗೆ ಈ ಹೆಸರು ಸಲ್ಲದು. ‘ಒಟ್ಟುಗೂಡಿಸಿದ್ದು’ ಎಂಬರ್ಥದ ಲ್ಯಾಟಿನ್ ‘ಕಾಂಪೊಸಿಟಮ್’ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ‘ಕಾಂಪೋಸ್ಟ್’ ಆಯಿತು. ನಮ್ಮ ರೈತರು ಅದಕ್ಕೆ ‘ಗೊಬ್ಬರ’ ಜೋಡಿಸಿಕೊಂಡರು. ‘ಕಾಂಪೋಸ್ಟೆಬಲ್’ ಮಾತ್ರ ಪರೀಕ್ಷೆ ಬರೆದು ಗೆಲ್ಲಬೇಕಾದ ಪದ. ಐಎಸ್/ಐಎಸ್‌ಒ 17088 ಮಾನದಂಡದಂತೆ, ಸುಮಾರು 58 ಡಿಗ್ರಿ ಸೆಲ್ಸಿಯಸ್ ಬಿಸಿಯ ಗೊಬ್ಬರದಲ್ಲಿ 180 ದಿನಗಳೊಳಗೆ ವಸ್ತುವಿನ ಇಂಗಾಲದ ಶೇ 90ರಷ್ಟು ಇಂಗಾಲದ ಡೈಆಕ್ಸೈಡ್ ಆಗಬೇಕು. 12 ವಾರಗಳ ಬಳಿಕ 2 ಮಿ.ಮೀ. ಜರಡಿಯ ಮೇಲೆ ಶೇ 10ಕ್ಕಿಂತ ಹೆಚ್ಚು ಚೂರು ಉಳಿಯಕೂಡದು. ಭಾರಲೋಹ ಮಿತಿಯಲ್ಲಿರಬೇಕು, ಆ ಗೊಬ್ಬರದಲ್ಲಿ ಬೀಜ ಮೊಳೆಯಬೇಕು. ಆಮೇಲಷ್ಟೇ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ. ‘ಬಯೋಡಿಗ್ರೇಡೆಬಲ್’ ಎಂದಷ್ಟೇ ಬರೆದಿದ್ದರೆ ನಂಬಬೇಡಿ. ಪ್ರಮಾಣಪತ್ರವಿದ್ದರೂ ಮನೆಯ ಗೊಬ್ಬರದ ಮಡಕೆಯಲ್ಲಿ ಆ ಬಿಸಿ ನಿಲ್ಲದು. ಅಂಥ ತೊಟ್ಟೆ ದೊಡ್ಡ ಗೊಬ್ಬರ ಘಟಕಕ್ಕೇ ಹೋಗಬೇಕು.