ಕೇರಾ ಶೈವಲದ ಸುಣ್ಣ: ಒಂದು ಗುರುತಿಸುವಿಕೆಯ ಇತಿಹಾಸ

ಗಡಸು ನೀರಿನ ಸರೋವರಗಳ ತಳದಲ್ಲಿ ಬೆಳೆಯುವ ಕೇರಾ ಎಂಬ ಹಸಿರು ಶೈವಲವು ಮುಟ್ಟಿದರೆ ಒರಟಾಗಿರುತ್ತದೆ. ಅದರ ಮೈಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್ ಶೇಖರಗೊಂಡಿರುವುದೇ ಇದಕ್ಕೆ ಕಾರಣ. ಲಿನಿಯಸ್ 1753ರಲ್ಲಿ ಈ ಕುಲವನ್ನು ಹೆಸರಿಸಿದನಾದರೂ, ಇದರ ಸುಣ್ಣವು ಪ್ರಾಚೀನ ಶಿಲಾಸ್ತರಗಳಲ್ಲಿಯೂ ಉಳಿದುಬಂದಿದೆ ಎಂಬುದು ಬಹುಕಾಲ ತಿಳಿದಿರಲಿಲ್ಲ.

ಪ್ಯಾರಿಸ್ ಸುತ್ತಲಿನ ಶಿಲೆಗಳಲ್ಲಿ ಸಾಸಿವೆ ಕಾಳಿನಂತಹ, ಸುರುಳಿಗೆರೆಗಳುಳ್ಳ ಪಳೆಯುಳಿಕೆಗಳು ದೊರೆತಿದ್ದವು. 19ನೆಯ ಶತಮಾನದ ಆರಂಭದಲ್ಲಿ ಲಮಾರ್ಕ್ ಇವುಗಳನ್ನು ಪ್ರಾಣಿಗಳ ಚಿಪ್ಪುಗಳೆಂದು ಭಾವಿಸಿ ಗೈರೋಗೊನೈಟ್ ಎಂಬ ಹೆಸರಿನಿಂದ ವರ್ಣಿಸಿದನು. ಇವು ಕೇರಾದ ಫಲಗಳೆಂದು 1812ರಲ್ಲಿ ಲೆಮಾನ್ ತೋರಿಸಿಕೊಟ್ಟನು. ಅಂಡಾಣುವನ್ನು ಸುತ್ತುವರಿದ 5 ಸುರುಳಿಕೋಶಗಳ ಒಳಭಿತ್ತಿಯಲ್ಲಿ ಸುಣ್ಣವು ಗಟ್ಟಿಯಾಗಿ ನಿಲ್ಲುವುದರಿಂದಲೇ ಆ ಆಕಾರವು ಉಳಿಯುತ್ತದೆ. ಇದು ಕೇವಲ ಹೆಸರಿನ ತಿದ್ದುಪಡಿಯಾಗಿರಲಿಲ್ಲ. ಇಂತಹ ಪಳೆಯುಳಿಕೆಗಳು ಹೇರಳವಾಗಿರುವ ಸ್ತರವು ಸಮುದ್ರದ್ದಲ್ಲ, ಸಿಹಿನೀರಿನದು ಅಥವಾ ಹೆಚ್ಚೆಂದರೆ ಸವಳು ನೀರಿನದು ಎಂದು ನಿರ್ಣಯಿಸಲು ಇದರಿಂದ ಆಧಾರ ದೊರಕಿತು.

1820ರ ದಶಕದಲ್ಲಿ ಚಾರ್ಲ್ಸ್ ಲಯಲ್ ತನ್ನ ಹುಟ್ಟೂರಿನ ಪ್ರಾಂತ್ಯವಾದ ಸ್ಕಾಟ್ಲೆಂಡಿನ ಫರ್ಫರ್‌ಷೈರಿನಲ್ಲಿ ಬರಿದು ಮಾಡಿದ ಸರೋವರಗಳನ್ನು ಪರಿಶೀಲಿಸಿದನು. ರೈತರು ಗೊಬ್ಬರಕ್ಕಾಗಿ ಅಗೆಯುತ್ತಿದ್ದ ಅಲ್ಲಿಯ ಸುಣ್ಣಮಣ್ಣಿನಲ್ಲಿ ಕೇರಾದ ಕಾಂಡಗಳೂ ಫಲಗಳೂ ಇದ್ದವು. ಪ್ಯಾರಿಸಿನ ಪ್ರಾಚೀನ ಶಿಲೆಗೆ ಹೋಲುವ ರಚನೆಯು ಇತ್ತೀಚಿನ ಕಾಲದಲ್ಲಿಯೂ ಆಗಿದೆಯೆಂಬುದು ಹೀಗೆ ಸ್ಪಷ್ಟವಾಯಿತು. ಮದರಾಸು ಸೇನೆಯ ವೈದ್ಯ ಮಾಲ್ಕಮ್‌ಸನ್ ದಖನ್ನಿನ ಲಾವಾಪದರಗಳ ಪ್ರದೇಶದಿಂದ ಸಂಗ್ರಹಿಸಿದ ಪಳೆಯುಳಿಕೆಗಳ ವಿವರಣೆಯು 1840ರಲ್ಲಿ ಪ್ರಕಟವಾದಾಗ, ಅದರಲ್ಲಿಯೂ ಒಂದು ಕೇರಾ ಪ್ರಭೇದವಿತ್ತು. ಜ್ವಾಲಾಮುಖಿಗಳ ಸ್ಫೋಟಗಳ ನಡುವಣ ವಿರಾಮದಲ್ಲಿ ಅಲ್ಲಿ ಸರೋವರಗಳಿದ್ದವೆಂಬುದಕ್ಕೆ ಜಲಚರಗಳ ಚಿಪ್ಪುಗಳೊಡನೆ ಅದೂ ಸಾಕ್ಷಿಯಾಯಿತು.

ಸುಣ್ಣವು ಕಾಂಡದ ಮೇಲೆ ಕೂಡುವ ಬಗೆಯು ವಿಶದವಾದುದು 20ನೆಯ ಶತಮಾನದ ಉತ್ತರಾರ್ಧದಲ್ಲಿ. ಸೋದರಕುಲವಾದ ನೈಟೆಲ್ಲಾದ ಕೋಶದ ಮೇಲೆ ಆಮ್ಲೀಯ ಹಾಗೂ ಕ್ಷಾರೀಯ ಪಟ್ಟಿಗಳು ಒಂದಾದ ಮೇಲೊಂದರಂತೆ ಇರುವುದನ್ನು ಸ್ಪಿಯರ್ ಮತ್ತು ಸಂಗಡಿಗರು 1969ರಲ್ಲಿ ವರದಿ ಮಾಡಿದರು. 1973ರಲ್ಲಿ ಲ್ಯೂಕಸ್ ಮತ್ತು ಸ್ಮಿತ್ ಕೇರಾದಲ್ಲಿ ಇದನ್ನು ವಿವರವಾಗಿ ಪರಿಶೀಲಿಸಿದರು. ಆಮ್ಲೀಯ ಪಟ್ಟಿಯಲ್ಲಿ ಬೈಕಾರ್ಬೊನೇಟು ಇಂಗಾಲದ ಡೈಆಕ್ಸೈಡಾಗಿ ಮಾರ್ಪಟ್ಟು ದ್ಯುತಿಸಂಶ್ಲೇಷಣೆಗೆ ಒದಗುತ್ತದೆ. ಕ್ಷಾರೀಯ ಪಟ್ಟಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟು ಕ್ಯಾಲ್ಸೈಟ್ ರೂಪದಲ್ಲಿ ಹರಳುಗಟ್ಟುತ್ತದೆ. ಆದುದರಿಂದ ಕೇರಾದ ಸುಣ್ಣವನ್ನು ನೀರಿನಿಂದ ತಾನಾಗಿ ಇಳಿದ ಮಡ್ಡಿಯೆಂದಷ್ಟೇ ಎಣಿಸಲಾಗದು. ಸಸ್ಯವು ಬೆಳಕಿನಲ್ಲಿ ಆಹಾರ ತಯಾರಿಸಿಕೊಂಡ ಕ್ರಿಯೆಯ ಗುರುತು ಆ ಶಿಲೆಯಲ್ಲಿ ಉಳಿದಿದೆ.